ಮೇಷ್ಟ್ರ ವಿಚಾರಣೆ ನಡೆದ ವರ್ಷ

ಹೋದ ತಿಂಗಳು ಪಕ್ಕದ ಮನೆಯ ಹುಡುಗಿಗೆ ವರ್ಗಾವಣೆ ಪತ್ರ ಕೊಡಿಸಲು ನಮ್ಮೂರ ಹೈಸ್ಕೂಲಿಗೆ ಹೋಗಿದ್ದೆ. ಗುಮಾಸ್ತರು ಇನ್ನೂ ಬಂದಿರಲಿಲ್ಲ. ವರಾಂಡದ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದಾಗ ಪ್ರಯೋಗಾಲಯದ ಬಾಗಿಲು ತೆರೆದು ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾ ಹೊರಗೆ ಓಡಿಬಂದರು. ಅವರ ಹಿಂದೆಯೇ ಕೊಳೆತ ಮೊಟ್ಟೆಯ ವಾಸನೆ. ಹತ್ತನೇ ಕ್ಲಾಸಿನ ವಿಜ್ಞಾನ ಓದಿದವರೆಲ್ಲ ಒಂದು ಸಲ ಮೂಸಿರುವ ವಾಸನೆ ಅದು. ಮಕ್ಕಳಿಗೆ ತಮಾಷೆ. ನಾನು ಎದ್ದು ಗೇಟಿನ ಹತ್ತಿರ ಹೋಗಿ ನಿಂತುಕೊಂಡೆ. ೧೯೯೬ರ ಮುಂಗಾರಿನಿಂದ ಮಾರನೆಯ ವರ್ಷದ ಸಂಕ್ರಾಂತಿಯವರೆಗೆ ನಾನು ಪಟ್ಟ ಆಯಾಸವೆಲ್ಲ ಆ ವಾಸನೆಯಲ್ಲೇ ಉಳಿದುಕೊಂಡಿದೆ.

ನಮ್ಮೂರು ಪಾಂಡವಪುರಕ್ಕೂ ತೊಣ್ಣೂರಿಗೂ ನಡುವೆ ಇದೆ. ಹೈಸ್ಕೂಲು ಊರಿನವರೇ ಕಟ್ಟಿಸಿದ್ದು. ಮೇಷ್ಟ್ರುಗಳ ಸಂಬಳ ಸರ್ಕಾರದ ಅನುದಾನದಿಂದ ಬರುತ್ತಿತ್ತು, ಆಡಳಿತವನ್ನು ಊರಿನ ಒಂಬತ್ತು ಜನರ ಮಂಡಳಿ ನೋಡಿಕೊಳ್ಳುತ್ತಿತ್ತು. ಅಧ್ಯಕ್ಷರು ಬೋರೇಗೌಡರು, ನಮ್ಮ ಮಾವನವರ ಅಣ್ಣ. ಶಾಲೆಗೆ ಜಾಗ ಬಿಟ್ಟುಕೊಟ್ಟವರೂ ಅವರೇ. ನಾನು ಅವರನ್ನು ದೊಡ್ಡಮಾವ ಎನ್ನುತ್ತಿದ್ದೆ.

ನಮ್ಮ ಮಾವ ತೀರಿಕೊಂಡ ಮೇಲೆ ಮಂಡಳಿಯಲ್ಲಿ ಅವರ ಜಾಗ ಖಾಲಿಯಾಯಿತು. ನನ್ನ ಗಂಡ ತನಗೆ ಪುರುಸೊತ್ತಿಲ್ಲ ಎಂದರು. ಪಂಚಾಯ್ತಿಗಳಿಗೆ ಹೆಂಗಸರು ಆಗಷ್ಟೇ ಬಂದಿದ್ದ ಕಾಲ, ನಮ್ಮಲ್ಲೂ ಒಬ್ಬಳಿರಲಿ ಎಂದು ಯಾರಿಗೋ ಅನ್ನಿಸಿತು. ನಾನು ಮೈಸೂರಿನಲ್ಲಿ ಬಿ.ಎ. ಓದಿದ್ದೆ, ಅಕ್ಷರ ದುಂಡಗಿತ್ತು. ಹಾಗಾಗಿ ಸದಸ್ಯೆ ಮಾತ್ರವಲ್ಲ, ಕಾರ್ಯದರ್ಶಿಯೂ ಆದೆ.

"ನೀನು ಓದ್ದೋಳು ಕಣವ್ವ ಸರೋಜ," ಎಂದಿದ್ದರು ದೊಡ್ಡಮಾವ. "ನಾವೇಳಿದ್ನ ನೀಟಾಗಿ ಬರ್ದು ಮಡಗು. ಅಷ್ಟೇಯ."

ಅಷ್ಟೇ ಮಾಡಿದೆ, ಮೊದಲ ಕೆಲವು ತಿಂಗಳು. ನಮ್ಮಲ್ಲಿ ಸಭೆಯೆಂದರೆ ನಡಾವಳಿ ಪುಸ್ತಕ ಮನೆಮನೆಗೆ ಹೋಗಿಬರುವುದು. ಒಬ್ಬರು ಡೈರಿಯ ಮುಂದೆ ಹಾಲಿನ ಕ್ಯಾನಿನ ಮೇಲಿಟ್ಟು ಸಹಿ ಹಾಕುತ್ತಿದ್ದರು, ಇನ್ನೊಬ್ಬರು ಗದ್ದೆಯ ಬದುವಿನಲ್ಲಿ ಕೆಸರು ಕೈ ಪಂಚೆಗೆ ಒರೆಸಿಕೊಂಡು. ಯಾರೂ ಕೂಡದ ಸಭೆ 'ಸರ್ವಾನುಮತದಿಂದ ತೀರ್ಮಾನಿಸಿತು' ಎಂದು ನಾನೂ ದುಂಡಗೆ ಬರೆದಿದ್ದೇನೆ. ಅದರಲ್ಲಿ ತಪ್ಪಿದೆ ಎಂದು ನನಗೆ ಹೊಳೆದಿರಲಿಲ್ಲ.

ನಾಲೆಗೆ ನೀರು ಬಿಟ್ಟು ಊರೆಲ್ಲ ನಾಟಿಯಲ್ಲಿದ್ದ ದಿನಗಳು. ಒಂದು ಮಧ್ಯಾಹ್ನ ಶಾಲೆಯ ಕಡೆಯಿಂದ ಕೂಗು ಕೇಳಿಸಿತು. ಓಡಿಹೋದೆ. ಹತ್ತನೇ ಕ್ಲಾಸಿನ ರತ್ನ ಎಂಬ ಹುಡುಗಿಯ ಬಲಗೈಯನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಹಿಡಿದಿದ್ದರು. ಪ್ರಯೋಗಾಲಯದಲ್ಲಿ ಅವಳು ಗಾಜಿನ ಕೊಳವೆ ಹಿಡಿದು ನಿಂತಿದ್ದಳಂತೆ. ವಿಜ್ಞಾನದ ಮೇಷ್ಟ್ರು ನಂಜುಂಡಾಚಾರ್ ಸೀಸೆಯಿಂದ ಆಸಿಡ್ ಸುರಿಯುವಾಗ ಅದು ಕೊಳವೆಗೆ ಬೀಳದೆ ಅವಳ ಬೆರಳುಗಳಿಂದ ಮೊಣಕೈವರೆಗೆ ಹರಿದಿತ್ತು. ಹಾಲಿನ ವ್ಯಾನಿನಲ್ಲಿ ಅವಳನ್ನು ಪಾಂಡವಪುರದ ಆಸ್ಪತ್ರೆಗೆ ಕಳಿಸಿದೆವು. ಮೇಷ್ಟ್ರು ಪ್ರಯೋಗಾಲಯದಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಒಳಗೆಲ್ಲ ಆ ವಾಸನೆ.

ಹುಡುಗಿಯ ಅಪ್ಪ ಚಿಕ್ಕಣ್ಣ ಗದ್ದೆಯಿಂದ ಹಾಗೇ ಬಂದ. "ಕುಡ್ದು ಬಂದವ್ನೆ ಈವಯ್ಯ! ಮೊನ್ನೆ ಸಂಜೆ ಚರಂಡಿ ಕಟ್ಟೆ ಎಡವಿ ಬಿದ್ದಿದ್ದ. ನಾನೇ ಕಣ್ಣಾರೆ ನೋಡಿವ್ನಿ!"

ಸಂಜೆಯಾಗುವಷ್ಟರಲ್ಲಿ ಊರೆಲ್ಲ ಅದೇ ಮಾತು. ಮೇಷ್ಟ್ರು ಅಕ್ಕಸಾಲಿಗರ ಮನೆಯವರು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಶಾಲೆಯಲ್ಲಿ ಪಾಠ ಹೇಳಿದವರು. ಅವರು ಕುಡಿದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಆದರೆ ಎಡವುವುದನ್ನು ಮಾತ್ರ ಎಲ್ಲರೂ ಕಂಡಿದ್ದರು.

ಮೂರನೆಯ ದಿನ ದೊಡ್ಡಮಾವ ನಡಾವಳಿ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ಅದರಲ್ಲಿ ಬೇರೆ ಯಾರದೋ ಕೈಬರಹದಲ್ಲಿ, ಮದ್ಯಪಾನ ಮಾಡಿ ಬಂದು ವಿದ್ಯಾರ್ಥಿನಿಗೆ ಗಾಯ ಮಾಡಿದ್ದರಿಂದ ನಂಜುಂಡಾಚಾರ್ ಅವರನ್ನು ಕೆಲಸದಿಂದ ತೆಗೆದುಹಾಕಿದೆ ಎಂದಿತ್ತು. ಆಗಲೇ ಏಳು ಸಹಿ ಬಿದ್ದಿತ್ತು.

"ನಿಂದೊಂದು ಹಾಕ್ಬುಡವ್ವ."

ದೊಡ್ಡಮಾವನ ಅಳಿಯ ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡು ಮೂರು ವರ್ಷದಿಂದ ಕೆಲಸ ಸಿಗದೆ ಮನೆಯಲ್ಲಿದ್ದ. ಅದು ನನಗೂ ಗೊತ್ತಿತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಆದರೆ ರತ್ನಳ ಕೈ ಸುಟ್ಟದ್ದು ಸುಳ್ಳಲ್ಲವಲ್ಲ. ಹಸು ಕರೆಯುವ ಹೊತ್ತಾಯಿತು, ಪುಸ್ತಕ ಇಲ್ಲೇ ಇರಲಿ ಎಂದೆ.

ಮಾರನೆಯ ದಿನ ಹೆಡ್‌ಮಾಸ್ಟರು ಡೈರಿಯ ಹತ್ತಿರ ಸಿಕ್ಕಿ ಮೆಲ್ಲಗೆ ಹೇಳಿದರು. "ಹೊಸ ಶಿಕ್ಷಣ ಕಾಯ್ದೆ ಬಂದೈತೆ ಅಮ್ಮ. ಇಂಗೆಲ್ಲ ತೆಗೆಯಂಗಿಲ್ಲ. ನಾನೇಳ್ದೆ ಅನ್ಬೇಡಿ."

ಶ್ರೀರಂಗಪಟ್ಟಣದಲ್ಲಿ ನನ್ನ ಸೋದರಮಾವ ಇದ್ದರು, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಎರಡು ಬಸ್ಸು ಬದಲಿಸಿ ಅವರಲ್ಲಿಗೆ ಹೋದೆ. ಕರಿಘಟ್ಟದ ಮೇಲೆ ಮೋಡ ಕವಿದು ಹನಿಯುತ್ತಿತ್ತು. ಅವರು ನಡಾವಳಿ ಪುಸ್ತಕವನ್ನು ಕೊನೆಯಿಂದ ಮೊದಲಿಗೆ ತಿರುವಿಹಾಕಿ ಕನ್ನಡಕ ತೆಗೆದರು.

"ನಿಮ್ಮ ಊರಿನೋರು ಮಂಡಳಿ ಅಂದ್ರೆ ಶಾಲೆ ಯಜಮಾನಿಕೆ ಅಂದ್ಕೊಂಡವ್ರೆ. ಅಲ್ಲ ಕಣೇ. ಸಂಬಳ ಸರ್ಕಾರದ್ದು, ಮಕ್ಕಳು ಊರಿನೋರದ್ದು. ನಿಮ್ಮದು ಅಂತ ಇರೋದು ಹೊಣೆ ಒಂದೇ."

"ಹಂಗಾದ್ರೆ ಮೇಷ್ಟ್ರನ್ನ ತೆಗೆಯಂಗೇ ಇಲ್ವಾ ಮಾವ?"

"ತೆಗೀಬೋದು. ಏನು ಆರೋಪ ಅಂತ ಬರೆದು ಕೊಡ್ಬೇಕು. ಉತ್ತರ ಕೊಡಕ್ಕೆ ಟೈಮು ಕೊಡ್ಬೇಕು. ಸಾಕ್ಷಿಗಳನ್ನ ಅವರ ಎದುರಿಗೇ ಕೇಳ್ಬೇಕು, ಅವರೂ ಪ್ರಶ್ನೆ ಹಾಕ್ಬೋದು. ಹೇಳ್ಕೊಳೋದಿದೆ ಅಂತ ಯಾರೇ ಬಂದ್ರೂ ಬಾಗಿಲು ಹಾಕಂಗಿಲ್ಲ. ಆಮೇಲೆ ಮಂಡಳಿ ನಿಜವಾಗ್ಲೂ ಕೂತು ತೀರ್ಮಾನ ಮಾಡ್ಬೇಕು. ಇದ್ಯಾವುದೂ ಇಲ್ದೆ ತೆಗೆದ್ರೆ ಅವರು ಮೇಲ್ಮನವಿ ಹಾಕಿ ಗೆದ್ದು ಬರ್ತಾರೆ. ಸರಿಯಾಗಿ ವಿಚಾರಣೆ ಮಾಡಿ ತೆಗೆದ್ರೋ, ಪಿಂಚಣಿನೂ ಹೋಗ್ತದೆ ಅವರಿಗೆ. ಅದಕ್ಕೇ ಹುಷಾರಾಗಿ ಮಾಡು ಅನ್ನೋದು."

"ಮತ್ತೆ ಆ ಹುಡುಗಿ?"

"ಅವಳೂ ನಿಮ್ಮ ಹೊಣೆಯೇ. ಶಾಲೆಲಿ ಮಕ್ಕಳಿಗೆ ಅಪಾಯ ಆಗ್ದಂಗೆ ನೋಡ್ಕೋಬೇಕಾದ್ದು ಇನ್ಯಾರು?"

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಒದ್ದೆ ಸೀರೆಯಲ್ಲಿ ಪುಸ್ತಕವನ್ನು ಎದೆಗವುಚಿಕೊಂಡು ನಿಂತೇ ಬಂದೆ.

ಆ ವಾರ ನಮ್ಮ ಮಂಡಳಿ ಮೊದಲ ಸಲ ನಿಜವಾಗಿ ಸಭೆ ಸೇರಿತು. ನಾನು ಎಲ್ಲರಿಗೂ ಮುಂಚೆಯೇ ತಿಳುವಳಿಕೆ ಪತ್ರ ಕಳಿಸಿದ್ದೆ. ಒಂಬತ್ತನೇ ಕ್ಲಾಸಿನ ಬೆಂಚುಗಳ ಮೇಲೆ ದೊಡ್ಡವರೆಲ್ಲ ಮಂಡಿ ಮಡಿಸಿ ಇಕ್ಕಟ್ಟಿನಲ್ಲಿ ಕೂತರು. ಸೋದರಮಾವ ಹೇಳಿದ್ದನ್ನೆಲ್ಲ ಹೇಳಿದೆ. ದೊಡ್ಡಮಾವ ಕೇಳಿಸಿಕೊಂಡು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಜಾಗ ಕೊಟ್ಟೋನು ನಾನು. ಕಾಯ್ದೆ ಏಳಕ್ಕೆ ಬಂದೋಳು ನೀನು. ಆಯ್ತು, ವಿಚಾರಣೆನೂ ನೀನೇ ಮಾಡವ್ವ."

ಎಲ್ಲರೂ ತಲೆಯಾಡಿಸಿದರು. ಮೇಷ್ಟ್ರು ವಿಚಾರಣೆ ಮುಗಿಯುವವರೆಗೆ ಶಾಲೆಗೆ ಬರಬಾರದೆಂದೂ ಆಯಿತು. ನಾನು ಎರಡು ಆರೋಪ ಬರೆದೆ. ಕುಡಿದು ಶಾಲೆಗೆ ಬಂದದ್ದು ಒಂದು, ಅಜಾಗರೂಕತೆಯಿಂದ ಹುಡುಗಿಗೆ ಗಾಯ ಮಾಡಿದ್ದು ಇನ್ನೊಂದು. ಮೇಷ್ಟ್ರ ಉತ್ತರ ಎರಡು ಸಾಲಿನಲ್ಲಿ ಬಂತು. ಗಾಯವಾದದ್ದು ನಿಜ, ಉಳಿದದ್ದಕ್ಕೆ ವಿಚಾರಣೆಯಲ್ಲಿ ಹೇಳುತ್ತೇನೆ, ಎಂದು. ಹೆಣ್ಣುಮಕ್ಕಳ ಕೈಬರಹದಂತಿತ್ತು. ಆಗ ಅದರ ಕಡೆ ಗಮನ ಕೊಡಲಿಲ್ಲ.

ಶನಿವಾರ ಅರ್ಧ ದಿನ ಶಾಲೆ. ಮಕ್ಕಳು ಹೋದ ಮೇಲೆ ಮೇಷ್ಟ್ರುಗಳ ಕೋಣೆಯಲ್ಲಿ ವಿಚಾರಣೆ. ಹೆಡ್‌ಮಾಸ್ಟರು ಬರೆದುಕೊಳ್ಳುತ್ತಿದ್ದರು. ಆ ವರ್ಷ ಚಿತ್ತೆ ಮಳೆ ಬಿಡದೆ ಹಿಡಿದು, ಹೆಂಚಿನ ಸಂದಿಯಿಂದ ತೊಟ್ಟಿಕ್ಕುತ್ತಿದ್ದ ನೀರಿಗೆ ಬಕೆಟ್ಟು ಇಟ್ಟಿದ್ದೆವು. ಸಾಕ್ಷಿಗಳು ಒಂದು ವಾರ ಬಂದರೆ ಇನ್ನೊಂದು ವಾರ ಇಲ್ಲ. ಚಿಕ್ಕಣ್ಣ ಎಡವಿದ್ದನ್ನು ಕಂಡಿದ್ದ, ಕುಡಿದದ್ದನ್ನು ಕಂಡಿರಲಿಲ್ಲ. ಬಂದವರೆಲ್ಲ ಹೇಳಿದ್ದು ಅಷ್ಟೇ. ಬೆಳಿಗ್ಗೆ ಹಸು, ಆಮೇಲೆ ಅಡಿಗೆ, ಗದ್ದೆಗೆ ಊಟ, ಶನಿವಾರ ಬಂದರೆ ಈ ಬಕೆಟ್ಟಿನ ಸದ್ದು. ನನಗೆ ಸಾಕಾಗುತ್ತಾ ಬಂದಿತ್ತು.

ಒಂದು ಶನಿವಾರ ರತ್ನ ಬಂದಳು. ಕೈಯ ಗಾಯ ಒಣಗುತ್ತಿತ್ತು, ಬೆರಳು ಪೂರ್ತಿ ಮಡಚಲು ಆಗುತ್ತಿರಲಿಲ್ಲ.

"ಮೇಷ್ಟ್ರು ಕುಡ್ದಂಗಿದ್ರಾ ರತ್ನ ಅವತ್ತು?"

"ಇಲ್ಲ ಅಕ್ಕ. ಯಾವಾಗ್ಲೂ ಅಂಗೇ ಇರೋದು ಅವ್ರು. ಅದುಕ್ಕೇ ನಾವು ಅವ್ರು ಬರಕ್ಕೆ ಮುಂಚೆನೇ ಬೋರ್ಡು ಒರ್ಸಿರ್ತೀವಿ."

"ಯಾಕೆ?"

ಅವಳು ಮೇಷ್ಟ್ರ ಕಡೆ ನೋಡಿ ದನಿ ತಗ್ಗಿಸಿದಳು. "ಒಂದಿನ ಲೆಕ್ಕದ ಸಾರು ಬರ್ದಿದ್ದ ಲೆಕ್ಕದ ಮ್ಯಾಲೇ ಹೃದಯದ ಚಿತ್ರ ಬರ್ದ್ಬುಟ್ಟಿದ್ರು. ನಾವ್ಯಾರೂ ನಗ್ಲಿಲ್ಲ ಅಕ್ಕ. ಅವತ್ತಿಂದ ಒರ್ಸದು."

ಪ್ರಶ್ನೆ ಕೇಳುವುದಿದ್ದರೆ ಕೇಳಬಹುದು ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಅಷ್ಟು ವಾರಗಳಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಅದನ್ನು ಆ ದಿನ ಕೇಳಿದರು. "ಉರಿ ಕಮ್ಮಿ ಆಯ್ತಾ ಮಗಾ?"

ಅವಳು ಹೇಳಿದ್ದನ್ನು ಬರೆದ ಹಾಳೆಯನ್ನು ಓದಿ ಸಹಿ ಹಾಕಲು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಮುಖದ ಹತ್ತಿರ ಹಿಡಿದರು. ಓದುವವರಂತೆ ತಲೆ ಮೆಲ್ಲಗೆ ಎಡದಿಂದ ಬಲಕ್ಕೆ ಹೋಯಿತು, ಕೊನೆಗೆ 'ಸರಿಯಾಗಿದೆ' ಎಂದು ತಲೆಯಾಡಿಸಿದರು. ನನ್ನ ಕಡೆಗಿದ್ದ ಮಗ್ಗುಲಲ್ಲಿ ಹೆಡ್‌ಮಾಸ್ಟರ ಬರಹವೆಲ್ಲ ಕಾಣುತ್ತಿತ್ತು. ಮೇಷ್ಟ್ರು ಓದಿದ್ದು ಹಿಂಬದಿಯ ಖಾಲಿ ಹಾಳೆ.

ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ನಾನು ಹಾಳೆ ತಿರುಗಿಸಿ, ಸಹಿ ಹಾಕುವ ಜಾಗದ ಮೇಲೆ ಮೇಷ್ಟ್ರ ಬೆರಳು ಇಟ್ಟೆ. ಅವರು ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಹೆಂಡತಿ ತೀರಿಕೊಂಡು ಬಹಳ ದಿನವಾಗಿತ್ತು, ಮನೆಯಲ್ಲಿ ಅವರೂ ಮಗಳು ಮಂಜುಳಳೂ. ಅವಳು ಹೊರಗೆ ಬಟ್ಟೆ ಒಗೆಯುತ್ತಿದ್ದಳು.

"ಯಾವಾಗಿಂದ ಸಾರ್?" ಎಂದೆ.

"ಮೊದಲು ಸಂಜೆಹೊತ್ತು ಕಾಣಲಿಲ್ಲ. ಆಮೇಲೆ ಅಕ್ಕಪಕ್ಕದ್ದು ಹೋಯ್ತು. ಈಗ ಎದುರಿಗಿರೋದೂ ಬೀಗದ ತೂತಿಂದ ನೋಡ್ದಂಗೆ, ಮಬ್ಬು. ಮೈಸೂರು ಡಾಕ್ಟ್ರು ಔಷಧಿ ಇಲ್ಲ ಅಂದ್ರು." ಅವರು ಪಾಠ ಒಪ್ಪಿಸುವಂತೆ ಹೇಳಿದರು. "ನಮ್ಮಪ್ಪಂಗೂ ಇದೇ ಆಗಿದ್ದು. ಅಕ್ಕಸಾಲಿ ಕೆಲಸ. ಐವತ್ತಕ್ಕೇ ಕುಲುಮೆ ಉರಿ ಕಾಣ್ದಂಗಾಯ್ತು."

"ಮಂಡಳಿಗೆ ಹೇಳ್ಬಿಡಿ ಸಾರ್. ಕಾಯಿಲೆ ಅಂತ ಆದ್ರೆ ದಾರಿ ಇದೆ."

"ಬೇಡ ಕಣಮ್ಮ." ಅವರು ಬಾಗಿಲ ಕಡೆ ಕಿವಿಗೊಟ್ಟು, ಬಟ್ಟೆ ಒಗೆಯುವ ಸದ್ದು ಕೇಳಿಸಿಕೊಂಡು ಮುಂದುವರಿಸಿದರು. "ಎರಡು ಆರೋಪ ಹಾಕಿದ್ದೀರಲ್ಲ. ಕುಡ್ದು ಬಂದಿದ್ದೆ ಅಂತ ಒಪ್ಕೊಂಡ್ಬುಡ್ತೀನಿ. ಅಂಗೇ ಬರ್ಕೊಳ್ಳಿ."

"ಪಿಂಚಣಿ ಹೋಗುತ್ತೆ ಸಾರ್."

"ಹೋಗ್ಲಿ. ಮಂಜುಳಂಗೆ ಕೆ.ಆರ್. ಪೇಟೆ ಸಂಬಂಧ ಗೊತ್ತಾಗೈತೆ. ಕುಡುಕನ ಮಗಳನ್ನ ಜನ ತಂದ್ಕೋತಾರೆ. ಅಪ್ಪ, ಅಜ್ಜ ಇಬ್ರೂ ಕುರುಡಾದ ಮನೆ ಹೆಣ್ಣನ್ನ ಯಾರು ತರ್ತಾರೆ ಹೇಳಿ? ಮಾಘದಲ್ಲಿ ಮದುವೆ. ನೀವು ಹೆಣ್ಣುಮಗಳು, ನಿಮಗೆ ಬಿಡಿಸಿ ಹೇಳ್ಬೇಕಾ?"

ಎದ್ದು ಬಂದೆ.

ಆಮೇಲಿನ ಐದಾರು ವಾರ ಹೇಗೆ ಕಳೆಯಿತೋ. ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿತ್ತು. ದಾರಿಯ ತುಂಬ ಗಾಡಿ, ಟ್ರಾಕ್ಟರು, ಎಲ್ಲೆಲ್ಲೂ ಕಬ್ಬಿನ ಸಿಪ್ಪೆ. ನಾನು ಪೆಟ್ಟಿಗೆಯಲ್ಲಿ ಎರಡು ವರದಿ ಬರೆದಿಟ್ಟುಕೊಂಡಿದ್ದೆ. ಒಂದರಲ್ಲಿ ಮೇಷ್ಟ್ರು ಕುಡುಕರು, ಇನ್ನೊಂದರಲ್ಲಿ ಕಣ್ಣಿಲ್ಲದವರು. ದೊಡ್ಡಮಾವ ಸಿಕ್ಕಿದಲ್ಲೆಲ್ಲ ಕೇಳುತ್ತಿದ್ದರು, "ನಿನ್ನ ವಿಚಾರಣೆ ಈ ಜನ್ಮದಾಗೆ ಮುಗೀತದೇನವ್ವ?" ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಮೇವು ಕತ್ತರಿಸುವುದನ್ನು ನಿಲ್ಲಿಸದೆ, "ಆವಯ್ಯನೇ ಒಪ್ಕೋತೀನಿ ಅಂತವ್ರೆ. ನಿಂಗೇನ್ ಬಂತು?" ಎಂದರು.

ನನಗೂ ಹಾಗೇ ಅನ್ನಿಸತೊಡಗಿತು. ಮೊದಲನೆಯ ವರದಿಯನ್ನು ಚೆನ್ನಾಗಿ ಪ್ರತಿ ಮಾಡಿದೆ. ಹುಡುಗಿಯ ಮದುವೆ ನಡೆಯಲಿ, ದೊಡ್ಡಮಾವನಿಗೂ ಸಮಾಧಾನವಾಗಲಿ, ನನಗೂ ಬಿಡುಗಡೆಯಾಗಲಿ. ಅದನ್ನು ದಯೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಆಯಾಸವಾಗಿತ್ತು ಅಷ್ಟೆ. ಆಯಾಸವಾದ ಮನುಷ್ಯರು ಎಂಥ ಸುಳ್ಳಿಗೂ ದುಂಡಗೆ ಸಹಿ ಹಾಕುತ್ತಾರೆ.

ಕೊನೆಯ ವಿಚಾರಣೆ ಸಂಕ್ರಾಂತಿಗೆ ಮುಂಚಿನ ಶನಿವಾರ. ದೊಡ್ಡಮಾವ ಅಂದು ತಾವೇ ಬಂದು ಕೂತರು. ನಾನು ಮೊದಲ ಆರೋಪ ಓದಿದೆ. ಮೇಷ್ಟ್ರು ಎದ್ದು ನಿಂತು ಇನ್ನೇನು ಬಾಯಿ ತೆರೆಯಬೇಕು, ಬಾಗಿಲಲ್ಲಿ ಮಂಜುಳ ಕಾಣಿಸಿಕೊಂಡಳು.

"ನಾನೂ ಸಾಕ್ಷಿ ಹೇಳ್ಬೇಕು ಅಕ್ಕ."

"ಮನೆಗೆ ನಡಿ ಮಂಜುಳ," ಎಂದರು ಮೇಷ್ಟ್ರು ಅವಳಿದ್ದ ದಿಕ್ಕಿಗೆ.

ಹೆಡ್‌ಮಾಸ್ಟರು ಪೆನ್ನು ಎತ್ತಿಹಿಡಿದು ನನ್ನನ್ನೇ ನೋಡುತ್ತಿದ್ದರು. ಅವಳನ್ನು ಕಳಿಸಿಬಿಡಬಹುದಿತ್ತು, ಸಾಕ್ಷಿಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಯಾರೇ ಬಂದರೂ ಬಾಗಿಲು ಹಾಕಂಗಿಲ್ಲ ಎಂದು ಸೋದರಮಾವ ಹೇಳಿದ್ದ ಮಾತು ಅಡ್ಡ ಬಂತು. "ಕೂತ್ಕೊಮ್ಮ," ಎಂದೆ.

ಅವಳು ಕೂರಲಿಲ್ಲ. "ನಮ್ಮಪ್ಪ ಕುಡಿಯಲ್ಲ. ಕಣ್ಣು ಕಾಣಲ್ಲ. ಎರಡು ವರ್ಷದಿಂದ ಉತ್ತರಪತ್ರಿಕೆ ಎಲ್ಲಾ ನಾನೇ ಓದಿ ಹೇಳಿದೀನಿ, ಅವ್ರು ಮಾರ್ಕ್ಸು ಹೇಳ್ತಿದ್ರು. ನಿಮ್ಮ ನೋಟೀಸಿಗೆ ಉತ್ತರ ಬರೆದೋಳೂ ನಾನೇ. ರತ್ನನ ಕೈ ಸುಟ್ಟಿದ್ದು ಅದರಿಂದ್ಲೇ. ಅಪ್ಪ ಮುಚ್ಚಿಡಬಾರದಿತ್ತು. ನಾನೂ ಜೊತೆಗೆ ಮುಚ್ಚಿಟ್ಟೆ."

"ಮಂಜುಳಾ."

"ಕೆ.ಆರ್. ಪೇಟೆಗೆ ಕಾಗದ ಬರ್ದಾಯ್ತು ಅಪ್ಪ. ತಾತಂದೂ ಬರ್ದಿದೀನಿ. ನಾಳೆ ನಂಗೂ ಬರ್ಬೋದು ಅಂತ್ಲೂ ಬರ್ದಿದೀನಿ. ನಿನ್ನೆ ಕಳಿಸಿದೆ."

ಮೇಷ್ಟ್ರು ಕೈ ಮುಂದೆ ಚಾಚಿ, ಮೇಜಿನ ಅಂಚು, ಬೀರು, ಗೋಡೆ ಒಂದೊಂದನ್ನೇ ಸವರುತ್ತಾ ಬಾಗಿಲವರೆಗೆ ಹೋದರು. ನಮ್ಮೆಲ್ಲರ ಎದುರು ಅವರು ಹಾಗೆ ನಡೆದದ್ದು ಅದೇ ಮೊದಲು. ಮಗಳು ಕೈ ಹಿಡಿಯಲು ಹೋದರೆ ಕೊಸರಿಕೊಂಡರು.

ಅವರು ಹೋದ ಮೇಲೆ ದೊಡ್ಡಮಾವ ಬಹಳ ಹೊತ್ತು ಟವೆಲಿನ ಅಂಚು ಹಿಸುಕುತ್ತಾ ಕೂತಿದ್ದರು. "ಅವ್ನೂ ನಾನೂ ಒಂದೇ ಮಣೆ ಮ್ಯಾಲೆ ಕೂತು ಅಕ್ಸರ ಕಲ್ತೋರು ಕಣವ್ವ. ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ?"

"ಹೇಳಿದ್ರೆ ಏನು ಮಾಡ್ತಿದ್ರಿ ದೊಡ್ಡಮಾವ?"

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಮೊದಲ ವರದಿಯನ್ನು ಒಲೆಗೆ ಹಾಕಿ ಎರಡನೆಯದನ್ನು ಸರಿಮಾಡಿ ಬರೆದೆ. ಕುಡಿತದ ಆರೋಪ ಸುಳ್ಳು. ಗಾಯಕ್ಕೆ ಕಾರಣ ಕಣ್ಣಿನ ಕಾಯಿಲೆ, ಅದನ್ನು ಮುಚ್ಚಿಟ್ಟದ್ದು ತಪ್ಪು. ಅವರಿಗೆ ಕಾಯಿಲೆಯ ಕಾರಣದಿಂದ ಪಿಂಚಣಿಯೊಡನೆ ನಿವೃತ್ತಿ ಕೊಡಿಸಲು ಇಲಾಖೆಗೆ ಬರೆಯಬೇಕು. ಮಂಡಳಿಯ ಒಂಬತ್ತೂ ಜನ ಕೂತು ಕೇಳಿ ಒಪ್ಪಿದರು. ದೊಡ್ಡಮಾವ ಮೊದಲು ಸಹಿ ಹಾಕಿದರು.

ಪ್ರತಿ ಮಾಡುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅಷ್ಟು ಪುಟಗಳಲ್ಲಿ ರತ್ನಳ ಹೆಸರು ಇದ್ದದ್ದು ಸಾಕ್ಷಿಯಾಗಿ ಮಾತ್ರ. ಅರ್ಧ ವರ್ಷ ನಾವೆಲ್ಲ ಮೇಷ್ಟ್ರ ಕೆಲಸದ ಬಗ್ಗೆ, ಮರ್ಯಾದೆಯ ಬಗ್ಗೆ ಬಡಿದಾಡಿದ್ದೆವು. ಕೈ ಸುಟ್ಟುಕೊಂಡವಳನ್ನು ಮಂಡಳಿಯ ಪರವಾಗಿ ಒಬ್ಬರೂ ಹೋಗಿ ಮಾತಾಡಿಸಿರಲಿಲ್ಲ. ನಾನೂ ಸೇರಿ. ಅವರ ಮನೆಗೆ ಹೋದಾಗ ಅವಳ ತಾಯಿ, "ಈಗ ನಮ್ ಗೆಪ್ತಿ ಬಂತಾ?" ಎಂದು ಒಂದೇ ಮಾತು ಕೇಳಿ ಒಳಗೆ ಹೋದಳು. ಆಸಿಡ್ ಸೀಸೆಗಳಿಗೆ ಬೇರೆ ಬೀರು, ಪ್ರಯೋಗಾಲಯದೊಳಗೆ ನೀರಿನ ನಲ್ಲಿ ಆಗಲೇಬೇಕೆಂದು ನಡಾವಳಿ ಪುಸ್ತಕದಲ್ಲಿ ಬರೆಸಿ ಮಾಡಿಸಿದೆ. ಅವಳು ಮಡಚಲಾರದ ಬೆರಳಿನಲ್ಲೇ ಪರೀಕ್ಷೆ ಬರೆದು ಪಾಸಾದಳು. ಮುಂದೆ ಅವಳ ಮದುವೆಗೆ ಹೋಗಿದ್ದೆ, ತುಂಬುತೋಳಿನ ರವಿಕೆ ತೊಟ್ಟಿದ್ದಳು.

ಕೆ.ಆರ್. ಪೇಟೆಯವರು ಪೋಸ್ಟ್ ಕಾರ್ಡಿನಲ್ಲಿ ಸಂಬಂಧ ಬೇಡವೆಂದರು. ಪಿಂಚಣಿಯ ಕಾಗದ ಕೈಗೆ ಬರಲು ಒಂದು ವರ್ಷಕ್ಕೂ ಮೇಲೆ ಹಿಡಿಯಿತು, ಅದಕ್ಕಾಗಿ ಪಾಂಡವಪುರಕ್ಕೂ ಮಂಡ್ಯಕ್ಕೂ ಎಷ್ಟು ಸಲ ಅಲೆದೆನೋ. ಖಾಲಿಯಾದ ಜಾಗಕ್ಕೆ ದೊಡ್ಡಮಾವನ ಅಳಿಯನೇ ಬಂದ. ಅರ್ಜಿ ಕರೆದು, ಸಂದರ್ಶನ ಮಾಡಿ, ಎಲ್ಲ ನಿಯಮದ ಪ್ರಕಾರವೇ. ಪಾಠ ಚೆನ್ನಾಗಿ ಹೇಳುತ್ತಿದ್ದ, ಆ ಮಾತನ್ನೂ ಹೇಳಬೇಕು. ಅವನ ನೇಮಕದ ಪತ್ರಕ್ಕೆ ಸಹಿ ಹಾಕಿದ ವಾರವೇ ನಾನು ಮಂಡಳಿ ಬಿಟ್ಟೆ. ಇನ್ನೊಮ್ಮೆ ಯಾರು ಕರೆದರೂ ಹೋಗಲಿಲ್ಲ.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಪಾಂಡವಪುರದ ಬಸ್‌ಸ್ಟಾಂಡಿನಲ್ಲಿ ನಂಜುಂಡಾಚಾರ್ ಒಬ್ಬರೇ ನಿಂತಿದ್ದರು. ಕೈಯಲ್ಲಿ ಕೋಲು. ತಪ್ಪಿಸಿಕೊಂಡು ಹೋಗಬಹುದಿತ್ತು, ಅವರಿಗೆ ಹೇಗೂ ಗೊತ್ತಾಗುತ್ತಿರಲಿಲ್ಲ. ಹತ್ತಿರ ಹೋಗಿ ಹೆಸರು ಹೇಳಿದೆ.

"ಮಂಜುಳ ನಾಗಮಂಗಲದಲ್ಲಿ ಟೀಚರಾಗವ್ಳೆ," ಎಂದರು. "ಅಲ್ಲಿಗೇ ಹೊರಟಿದೀನಿ."

"ಚೆನ್ನಾಗಿದ್ದಾಳಾ ಸಾರ್?"

"ಇನ್ನೂ ಕಾಣುತ್ತೆ ಅವಳಿಗೆ." ಎಂದರು. "ನೀವು ಬರೆದದ್ದು ಸರಿ ಕಣಮ್ಮ. ಅದರಿಂದ್ಲೇ ನಾನು ಊಟ ಮಾಡ್ತಿರೋದು. ಆದ್ರೆ ಅವತ್ತು ನೀವು ಅವಳನ್ನ ಒಳಗೆ ಬಿಡಬಾರದಿತ್ತು. ಅದೊಂದು ನನ್ನ ಮನಸ್ಸಿಂದ ಹೋಗ್ತಾ ಇಲ್ಲ."

ಒಂದು ಬಸ್ಸು ಬಂತು. "ಇದು ನಾಗಮಂಗಲದ್ದಾ ನೋಡಿ ಹೇಳಿ," ಎಂದರು. ಅಲ್ಲ ಎಂದೆ. ಇಬ್ಬರೂ ಬಿಸಿಲಲ್ಲಿ ನಿಂತೆವು. ಅರ್ಧ ಗಂಟೆಯ ಮೇಲೆ ಅದು ಬಂತು. ಜನ ನುಗ್ಗುತ್ತಿದ್ದರು. ನಾನು ಕೈ ಕೊಟ್ಟೆ. ಅವರು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು, ಸೀಟು ಸಿಕ್ಕುವವರೆಗೂ ಬಿಡಲಿಲ್ಲ.